ಸಹಾಯ ಬೇಕು: ತುಮಕೂರಿನಲ್ಲಿ ಆಪ್ತಸಮಾಲೋಚಕರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನಲ್ಲಿ ಎಂ.ಎ. ಓದುತ್ತಿರುವ ಆರು ಜನ. ಪರೀಕ್ಷೆ ಹತ್ತಿರ ಬಂದರೆ ಹಾಸ್ಟೆಲ್‌ನಲ್ಲಿ ಊಟ ಬಿಡುವವರು, ನಿದ್ದೆ ಬಾರದೆ ಟೆರೇಸ್ ಮೇಲೆ ಓಡಾಡುವವರು ಜಾಸ್ತಿ. ಕೇಳಿದರೆ 'ಸುಮ್ನೆ ತಲೆನೋವು' ಅನ್ನುತ್ತಾರೆ. ಪಾವಗಡ, ಶಿರಾ ಕಡೆಯವರಿಗೆ ಮನೆಯಲ್ಲಿ ಹೇಳಲೂ ಭಯ. ಅಪ್ಪ ಸಾಲ ಮಾಡಿ ಓದಿಸುತ್ತಿರುತ್ತಾರೆ ಅಲ್ವಾ.

ಅದಕ್ಕೇ ವಾರಕ್ಕೊಂದು ಸಂಜೆ ಕೂತು ಮಾತಾಡುತ್ತೇವೆ. ಮೊದಲ ದಿನ ಬಂದವರು ಮೂವರೇ, ಅದರಲ್ಲೊಬ್ಬ ಬಂದಿದ್ದು ಬೋಂಡಾಕ್ಕೆ! ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಮೆಸ್ ಗೋಡೆಗೆ ಅಂಟಿಸಿದ್ದೇವೆ. ಉಚಿತ, 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು.

ಆದರೆ ಕಳೆದ ವಾರ ಒಬ್ಬಳು ಅಳುತ್ತಾ ಕೂತಾಗ ನಮಗೆ ಏನೂ ತೋಚಲಿಲ್ಲ. ಹೇಗೆ ಕೇಳಿಸಿಕೊಳ್ಳಬೇಕು, ಯಾವಾಗ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು ಅಂತ ಒಂದು ಭಾನುವಾರ ಬಂದು ಹೇಳಿಕೊಡುತ್ತೀರಾ? ಫೀಸು ಕೊಡಲು ಆಗಲ್ಲ. ಬಸ್ ಚಾರ್ಜು, ಊಟ ನಮ್ಮದು.