ಅಮ್ಮನ ಒಡವೆ ಪಾಲು ಮಾಡಬೇಕು, ಬೆಲೆ ಕಟ್ಟಿಸೋಕೆ ಎಷ್ಟು ಕೊಡಬೇಕು?

ಜಡೆಬಿಲ್ಲೆ:
ಅಮ್ಮ ಹೋಗಿ ಆರು ತಿಂಗಳಾಯಿತು. ಲಾಕರಿನಲ್ಲಿರುವ ಒಡವೆಯನ್ನು ನಾವು ಮೂರು ಜನ ಹಂಚಿಕೊಳ್ಳಬೇಕು. ನಾನು ಬೆಂಗಳೂರು, ಅಣ್ಣ ಮೈಸೂರು, ತಂಗಿ ಹುಬ್ಬಳ್ಳಿ. ಜಗಳ ಏನಿಲ್ಲ. ಆದರೆ ಮುಂದೆ ಯಾರೂ "ನಿನಗೆ ಜಾಸ್ತಿ ಬಂತು" ಅನ್ನಬಾರದು ಅಂತ ಹೊರಗಿನವರ ಕೈಯಲ್ಲೇ ಬೆಲೆ ಕಟ್ಟಿಸೋಣ ಅಂದುಕೊಂಡೆವು. ಒಟ್ಟು ಒಂಬತ್ತು ಒಡವೆ: ನಾಲ್ಕು ಬಳೆ, ಅವಲಕ್ಕಿ ಸರ, ಕಾಸಿನ ಸರ, ಒಂದು ವಂಕಿ, ಕೆಂಪಿನ ಪದಕ, ಏಳು ಕಲ್ಲಿನ ವಜ್ರದ ಓಲೆ. ಎಲ್ಲಾ ಅಜ್ಜಿ ಕಾಲದ್ದು, ಒಂದಕ್ಕೂ ಹಾಲ್‌ಮಾರ್ಕ್ ಇಲ್ಲ.

ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒಂದು ದೊಡ್ಡ ಅಂಗಡಿಯವರು ಫ್ರೀ ಅಂದರು. ಒಬ್ಬ ವ್ಯಾಲ್ಯುಯರ್ ಒಟ್ಟು ಬೆಲೆಯ ಶೇ. 1 ಕೇಳಿದರು. ಇನ್ನೊಬ್ಬರು ಒಂದೊಂದು ಒಡವೆಗೆ 1,500 ರೂಪಾಯಿ. ಯಾವುದು ಸರಿ? ಸುಮ್ನೆ ನೋಡಿ ಬರೆದುಕೊಡೋಕೆ ಇಷ್ಟೊಂದಾ?

ಒರೆಗಲ್ಲು:
ಮೇಡಂ, ನಾನು ಬ್ಯಾಂಕಿಗೆ ಚಿನ್ನ ನೋಡಿಕೊಡುವ ಕೆಲಸ ಬಹಳ ವರ್ಷ ಮಾಡಿದವನು. ಮೊದಲು ಒಂದು ಮಾತು ಕೇಳುತ್ತೇನೆ. ನಿಮಗೆ ಬೇಕಾಗಿರುವುದು ಬೆಲೆಯಾ, ಚಿನ್ನ ಎಷ್ಟಿದೆ ಅನ್ನುವ ಲೆಕ್ಕವಾ? ಮನೆಯೊಳಗೆ ಪಾಲಿಗೆ ಎರಡನೆಯದು ಸಾಕು. ಎಷ್ಟು ಗ್ರಾಂ, ಎಷ್ಟು ಕ್ಯಾರೆಟ್ ಅಂತ ಗೊತ್ತಾದರೆ ಅವತ್ತಿನ ರೇಟಿಗೆ ಗುಣಿಸೋಕೆ ನಿಮ್ಮ ಅಣ್ಣನ ಮೊಬೈಲೇ ಸಾಕಲ್ವಾ.

ಅದಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಹೋಗಿ. ಅಂಗಡಿಯವರಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ, ನಮ್ಮಂಥವರೂ ಹಳೇ ಒಡವೆ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಬಹುದು. ಬಿಐಎಸ್ ಹೇಳಿರುವ ದರ ನಾಲ್ಕು ಒಡವೆವರೆಗೆ 200 ರೂಪಾಯಿ, ಐದು ಅಥವಾ ಜಾಸ್ತಿ ಇದ್ದರೆ ಒಂದಕ್ಕೆ 45. ನಿಮ್ಮ ಒಂಬತ್ತಕ್ಕೆ 405 ರೂಪಾಯಿ, ಮೇಲೆ ಜಿಎಸ್‌ಟಿ. ಅಷ್ಟೇ. ಅವರು ಕೊಡುವುದು ಶುದ್ಧತೆಯ ರಿಪೋರ್ಟ್, ಬೆಲೆ ಬರೆಯುವುದಿಲ್ಲ.

ಎಡವಟ್ಟಾಗುವುದು ಬೇರೆ ಕಡೆ. ಶುದ್ಧತೆ ನೋಡುವ ಮೆಷಿನ್ ನೋಡುವುದು ಮೇಲಿನ ಪದರ ಮಾತ್ರ. ಹಳೇ ವಂಕಿಯ ಒಳಗೆ ಎಷ್ಟೋ ಸಲ ಅರಗು ತುಂಬಿರುತ್ತದೆ, ತಕ್ಕಡಿಗೆ ಅದೂ ಚಿನ್ನವೇ. ಕಾಸಿನ ಸರದಲ್ಲಿ ಕಾಸು 22 ಕ್ಯಾರೆಟ್ ಇದ್ದರೂ ಬೆಸುಗೆ ಹಾಕಿದ ಜಾಗ ಕಡಿಮೆ ಬರಬಹುದು. ಕೆಂಪಿನ ಪದಕದಲ್ಲಿ ಕಲ್ಲು ಕೂರಿಸಿರುವುದೂ ಅರಗಿನ ಮೇಲೆಯೇ, ಬಿಚ್ಚದೆ ನಿಖರ ತೂಕ ಯಾರಿಗೂ ಸಿಗಲ್ಲ, ನಾವೂ ಕಣ್ಣಂದಾಜಿನಲ್ಲೇ ಕಳೆಯುತ್ತಿದ್ದೆವು. ಹಾಗಾಗಿ ಯಾರೇ ಬರೆದುಕೊಟ್ಟರೂ ಒಟ್ಟು ತೂಕ ಬೇರೆ, ಕಲ್ಲು ಅರಗು ಕಳೆದ ನಿವ್ವಳ ತೂಕ ಬೇರೆ ಬರೆಸಿಕೊಳ್ಳಿ. ಒಂದೇ ಅಂಕಿ ಇರುವ ಚೀಟಿಗೆ ನಾನಾದರೆ ಹತ್ತು ರೂಪಾಯಿನೂ ಕೊಡಲ್ಲ.

ಮಳೆಗಾಲದ_ಕೊಡೆ:
ಫ್ರೀ ಅನ್ನುವ ಕಡೆ ಸ್ವಲ್ಪ ಹುಷಾರು ಅಕ್ಕ. ನಾವೂ ಹೀಗೇ ಅತ್ತೆಯವರ ಸರ ತೋರಿಸೋಕೆ ಒಂದು ಅಂಗಡಿಗೆ ಹೋದೆವು. ಕಾಫಿ ಕೊಟ್ಟರು, ಮೆಷಿನ್ನಿನಲ್ಲಿ ಇಟ್ಟರು, 19 ಕ್ಯಾರೆಟ್ ಅಂದರು. ಚೀಟಿ ಕೊಡಿ ಅಂದರೆ "ಎಕ್ಸ್‌ಚೇಂಜ್ ಮಾಡಿದರೆ ಮಾತ್ರ" ಅಂತ. ಅದೇ ಸರ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ 21ಕ್ಕೆ ಹತ್ತಿರ ಬಂತು. ಮೋಸ ಅಂತ ಹೇಳೋಕೆ ನನ್ನ ಹತ್ತಿರ ಸಾಕ್ಷಿ ಇಲ್ಲ, ಬೇರೆ ಜಾಗದಲ್ಲಿ ಇಟ್ಟು ನೋಡಿರಬಹುದು. ಆದರೆ ನಮ್ಮಿಂದ ಕೊಳ್ಳುವವರೇ ಬೆಲೆ ಕಟ್ಟಿದರೆ ಕಡಿಮೆ ಕಟ್ಟದೆ ಇನ್ನೇನು ಮಾಡುತ್ತಾರೆ.

ಲೆಕ್ಕದಮೇಷ್ಟ್ರು:
ವ್ಯಾಲ್ಯುಯರ್ ಬೇಕಾಗುವುದು ಯಾವಾಗ ಅಂದರೆ, ಕೋರ್ಟಿಗೆ, ವೀಸಾ ಅರ್ಜಿಯ ಜೊತೆಗೆ ಅಥವಾ ಆದಾಯ ತೆರಿಗೆಗೆ ಕಾಗದ ತೋರಿಸಬೇಕಾದಾಗ. ಪಾಲಿಗೆ ಬಂದ ಒಡವೆಗೆ ತೆರಿಗೆ ಇಲ್ಲ. ನಾಳೆ ನಿಮ್ಮಲ್ಲಿ ಯಾರಾದರೂ ಮಾರಿದರೆ ಲಾಭದ ಮೇಲೆ ಇದೆ. ಅಮ್ಮನ ಕೈಗೆ 2001ಕ್ಕೆ ಮೊದಲೇ ಬಂದದ್ದಾದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಅಸಲು ಅಂತ ತೋರಿಸಬಹುದು, ಎಷ್ಟು ವರ್ಷ ಇಟ್ಟುಕೊಂಡಿದ್ದಿರಿ ಅನ್ನುವ ಲೆಕ್ಕಕ್ಕೆ ಅಮ್ಮನ ಕಾಲವೂ ಸೇರುತ್ತದೆ. ಆ ಹಳೇ ಬೆಲೆ ಬರೆದುಕೊಡೋಕೆ ನೋಂದಾಯಿತ ವ್ಯಾಲ್ಯುಯರ್ ಕೆಲಸಕ್ಕೆ ಬರುತ್ತಾರೆ. ಯಾರೂ ಮಾರದಿದ್ದರೆ ಈಗ ಆ ಖರ್ಚು ದಂಡ.

ಫೀಸಿನ ವಿಷಯ. ಸಂಪತ್ತು ತೆರಿಗೆ 2015ರ ಬಜೆಟ್ಟಿನಲ್ಲೇ ರದ್ದಾಯಿತು, ಆದರೆ ಅದರ 8ಸಿ ನಿಯಮದಲ್ಲಿ ವ್ಯಾಲ್ಯುಯರ್ ಫೀಸಿಗೆ ಒಂದು ಮಿತಿ ಹಾಕಿದ್ದರು. ಮೊದಲ 5 ಲಕ್ಷಕ್ಕೆ ಶೇ. 0.5, ಮುಂದಿನ 10 ಲಕ್ಷಕ್ಕೆ ಶೇ. 0.2, ಆಮೇಲೆ ಇನ್ನೂ ಇಳಿಯುತ್ತದೆ. ಎಷ್ಟೇ ವಸ್ತು ಇದ್ದರೂ ಎಲ್ಲಾ ಸೇರಿಸಿ ಒಂದೇ ಅಂತ ಲೆಕ್ಕ. ಉದಾಹರಣೆಗೆ ನಿಮ್ಮದು 12 ಲಕ್ಷ ಅಂದುಕೊಳ್ಳಿ, 2,500 ಮತ್ತು 1,400 ಸೇರಿ 3,900 ಆಗುತ್ತದೆ. ಶೇ. 1 ಅಂದರೆ 12,000. ಒಂದಕ್ಕೆ 1,500ರಂತೆ 13,500! ಚೌಕಾಸಿ ಮಾಡುವಾಗ ಈ ನಿಯಮ ಬಾಯಲ್ಲಿರಲಿ. ಇನ್ನೊಂದು, ಬೆಲೆಯ ಮೇಲೆ ಶೇಕಡಾವಾರು ಫೀಸು ಅಂದರೆ ಬೆಲೆ ಏರಿಸಿದಷ್ಟೂ ಅವರಿಗೇ ಲಾಭ, ಅದಕ್ಕೇ ಒಟ್ಟು ಇಷ್ಟು ಅಂತ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಜಡೆಬಿಲ್ಲೆ:
ಎಲ್ಲರಿಗೂ ಥ್ಯಾಂಕ್ಸ್. ಮಾರುವ ಯೋಚನೆ ಯಾರಿಗೂ ಇಲ್ಲ, ಹಾಗಾದರೆ 405 ರೂಪಾಯಿಯ ದಾರಿಯೇ. ಆದರೆ ಓಲೆ? ಅಜ್ಜಿ ಅದನ್ನು ಬ್ಲೂ ಜಾಗರ್, ಅಂದರೆ ತಿಳಿನೀಲಿ ಛಾಯೆಯ ಒಳ್ಳೇ ವಜ್ರ ಅಂತ ಹೇಳುತ್ತಿದ್ದರು. ತಂಗಿಗೆ ಅದೇ ಬೇಕು. ವಂಕಿ ಬಿಚ್ಚಿಸೋಕೆ ಅಣ್ಣ ಒಪ್ಪುತ್ತಿಲ್ಲ.

ಒರೆಗಲ್ಲು:
ಎಲ್ಲರ ಅಜ್ಜಿಯ ಓಲೆಯೂ ಬ್ಲೂ ಜಾಗರೇ ಮೇಡಂ, ಲೆನ್ಸ್ ಇಟ್ಟು ನೋಡಿದಾಗ ಕಥೆ ಬೇರೆ ಇರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಹಾಲ್‌ಮಾರ್ಕಿಂಗ್ ರಿಪೋರ್ಟಿನಲ್ಲಿ ವಜ್ರದ ಮಾತೇ ಬರಲ್ಲ, ಬ್ಯಾಂಕಿನಲ್ಲೂ ನಾವು ಕಲ್ಲಿಗೆ ಬೆಲೆ ಹಾಕುತ್ತಿರಲಿಲ್ಲ. ಓಲೆ ಒಂದನ್ನು ಮಾತ್ರ ರತ್ನ ಪರೀಕ್ಷೆಯ ಲ್ಯಾಬಿಗೆ ಕೊಡಿ, ಹದಿನಾಲ್ಕು ಕಲ್ಲಿಗೂ ಸೇರಿಸಿ ಫೀಸು ಎಷ್ಟು ಅಂತ ಮೊದಲು ಕೇಳಿ, ಕಟ್ಟಿನಿಂದ ತೆಗೆಯುತ್ತಾರಾ ಅಂತಲೂ ಕೇಳಿ. ತೆಗೆಯದಿದ್ದರೆ ಕಲ್ಲಿನ ತೂಕ (ಅದಕ್ಕೂ ಕ್ಯಾರೆಟ್ ಅಂತಲೇ ಹೇಳುತ್ತಾರೆ) ಅಂದಾಜು ಮಾತ್ರ. ಹಳೇ ಕಟ್ಟು, ಮತ್ತೆ ಕೂರಿಸುವಾಗ ಕಲ್ಲು ಸಡಿಲ ಆಗಬಹುದು, ನಾನಾದರೆ ಬಿಚ್ಚಿಸಲ್ಲ.

ವಂಕಿ ನಿಮ್ಮ ಅಣ್ಣನಿಗೇ ಬೇಕು ಅಂತ ಕಾಣುತ್ತದೆ. ಹಾಗಿದ್ದರೆ ಅರಗು ಕಳೆಯದೆ ಪೂರ್ತಿ ತೂಕಕ್ಕೇ ಅವರ ಪಾಲಿಗೆ ಹಾಕಿ ನೋಡಿ, ಬಿಚ್ಚಿಸೋಣ ಅಂತ ಅವರೇ ಹೇಳುತ್ತಾರೆ.

ಇನ್ನೊಂದು ಮರೆತಿದ್ದೆ. ಓಲೆ ತೂಗಿಸುವಾಗ ತಿರುಪು ಕೈಯಲ್ಲಿ ಇಟ್ಟುಕೊಳ್ಳಬೇಡಿ, ಅದೂ ಚಿನ್ನವೇ.