ಅಪ್ಪ-ಅಮ್ಮನ ಜೊತೆ ಟರ್ಕಿಯ ಸಿದೆ: ಅರ್ಧ ದಿನ ಸಾಕಾ?

ನವನಗರದ ಹುಡುಗಿ:
ನಾವು ಬಾಗಲಕೋಟೆಯವರು. ಅಕ್ಟೋಬರ್‌ನಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಟರ್ಕಿಗೆ ಹೋಗುತ್ತಿದ್ದೇವೆ. ಅಂತಾಲ್ಯದಲ್ಲಿ ಇಳಿದು, ಅಲ್ಲಿಂದ ಸುಮಾರು 65 ಕಿ.ಮೀ. ದೂರದ ಸಿದೆಗೆ. ಟೂರ್‌ನವರು ಆ ಊರಿಗೆ ಅರ್ಧ ದಿನ ಸಾಕು ಅನ್ನುತ್ತಿದ್ದಾರೆ. ಅಪ್ಪನಿಗೆ ಹಳೆ ಕಂಬ ಕಂಡರೆ ಕಾಲು ಮುಂದೆ ಹೋಗುವುದಿಲ್ಲ, ಐಹೊಳೆಗೆ ಹೋದರೆ ಸಂಜೆಯಾದರೂ ಎಬ್ಬಿಸೋಕೆ ಆಗಲ್ಲ. ಅಮ್ಮ ಸಮುದ್ರ ನೋಡಿದ್ದು ಒಂದೇ ಸಲ, ಗೋಕರ್ಣದಲ್ಲಿ, ಅದೂ ಗಡಿಬಿಡಿಯಲ್ಲಿ. ಮಂಡಿನೋವು ಬೇರೆ. ಇಬ್ಬರೂ ಸಸ್ಯಾಹಾರಿಗಳು. ಏನು ಮಾಡಲಿ?

ಗುಮ್ಮಟದ ನೆರಳು:
ಎರಡು ರಾತ್ರಿ ಉಳಿಯಿರಿ, ಅದೂ ಹಳೆ ಊರೊಳಗೇ. ನಾವು ವಿಜಯಪುರದಿಂದ ಹೋಗಿದ್ದಾಗ ನಮ್ಮ ಟೂರ್‌ನವರು ನಡುಮಧ್ಯಾಹ್ನ ಇಳಿಸಿ 40 ನಿಮಿಷ ಕೊಟ್ಟರು, ನೆತ್ತಿ ಸುಡುವ ಬಿಸಿಲಲ್ಲಿ ಯಾರಿಗೂ ಏನೂ ನೋಡಲು ಮನಸ್ಸಾಗಲಿಲ್ಲ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಗ್ರೀಕ್ ದೇವರು ಅಪೊಲೊನ ಗುಡಿ ಭೂಶಿರದ ತುದಿಯಲ್ಲಿದೆ, ಕ್ರಿ.ಶ. 2ನೇ ಶತಮಾನದ್ದು. ಈಗ ಎತ್ತಿ ನಿಲ್ಲಿಸಿರುವುದು ಐದೇ ಬಿಳಿ ಕಂಬ. ಸಂಜೆ ಆ ಕಂಬಗಳ ಹಿಂದೆ ಸೂರ್ಯ ಸಮುದ್ರಕ್ಕೆ ಇಳಿಯುವಾಗ ಅಪ್ಪ ಅಲ್ಲಿ ಇರಲೇಬೇಕು.

ಇನ್ನೊಂದು. ಅಲ್ಲಿನ ಹಳೆ ಭಾಷೆಯಲ್ಲಿ ಸಿದೆ ಅಂದರೆ ದಾಳಿಂಬೆ! ಊರಿನ ಪುರಾತನ ನಾಣ್ಯದ ಮೇಲೂ ದಾಳಿಂಬೆ ಹಣ್ಣೇ ಇದೆ. ನಮ್ಮ ಕಡೆ ಯಾರ ಹೊಲಕ್ಕೆ ಹೋದರೂ ದಾಳಿಂಬೆ, ಅಲ್ವಾ? ಅಕ್ಟೋಬರ್‌ನಲ್ಲಿ ಅಲ್ಲೂ ಅದರ ಸುಗ್ಗಿ, ಬೀದಿಯಲ್ಲೇ ಹಿಂಡಿ ಕೊಡುತ್ತಾರೆ.

ಜವಾರಿ ಜೋಳ:
ಮಂಡಿನೋವಿಗೆ ಸಿದೆ ಒಳ್ಳೆಯ ಊರು, ಹೆಚ್ಚುಕಡಿಮೆ ಸಮತಟ್ಟು. ರೋಮನ್ನರ ಕಾಲದ ಬಯಲು ಥಿಯೇಟರ್ ಮಾತ್ರ ಬರೀ ಮೆಟ್ಟಿಲು, ಅಮ್ಮ ಕೆಳಗೇ ಕೂರಲಿ. ಸುಮಾರು 15,000 ಜನ ಕೂರುತ್ತಿದ್ದ ಜಾಗ. ಒರಗಿಕೊಳ್ಳಲು ದೊಡ್ಡ ಗುಡ್ಡ ಇಲ್ಲದ್ದರಿಂದ ಕಮಾನುಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಎದುರಿಗೇ ರೋಮನ್ನರ ಸ್ನಾನಗೃಹ, ಅದೇ ಈಗ ಮ್ಯೂಸಿಯಂ. ಊಟಕ್ಕೆ ಗೋಜ್ಲೆಮೆ ಕೇಳಿ, ಪಾಲಕ್ ಇಲ್ಲವೇ ಆಲೂಗಡ್ಡೆ ತುಂಬಿದ ತೆಳು ರೊಟ್ಟಿ. ಬೇಳೆ ಸೂಪಿಗೆ ಕೆಲವರು ಮಾಂಸದ ರಸ ಹಾಕುತ್ತಾರೆ, ಕೇಳಿಯೇ ಕುಡಿಯಿರಿ. ಶೇಂಗಾ ಚಟ್ನಿ ಮರೆಯಬೇಡಿ.

ಮಲಪ್ರಭಾ ದಂಡೆ:
ಎರಡು ರಾತ್ರಿ ಸರಿ, ಆದರೆ ಒಂದು ಮುಂಜಾನೆ ಹತ್ತಿರದ ಇನ್ನೊಂದು ಪುರಾತನ ಊರು ಆಸ್ಪೆಂಡೋಸ್‌ಗೆ ಇಡಿ. ನನ್ನ ಕೇಳಿದರೆ ಅಲ್ಲಿನ ಥಿಯೇಟರ್ ಸಿದೆಯದಕ್ಕಿಂತ ಮೇಲು. ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಕಾಲದ್ದು, ವೇದಿಕೆಯ ಹಿಂದಿನ ಗೋಡೆ ಇನ್ನೂ ಪೂರ್ತಿ ನಿಂತಿದೆ. ಆಮೇಲೆ ಬಂದ ಸೆಲ್ಜುಕ್ ವಂಶದ ತುರ್ಕಿ ಸುಲ್ತಾನರು ದುರಸ್ತಿ ಮಾಡಿ ಬಳಸಿದ್ದಕ್ಕೇ ಅಷ್ಟು ಉಳಿಯಿತು. ಐಹೊಳೆಯ ಲಾಡಖಾನ್ ಗುಡಿಗೆ ಆ ಹೆಸರು ಬಂದಿದ್ದೂ ಅದರಲ್ಲಿ ವಾಸವಿದ್ದವನಿಂದಲೇ ಅಲ್ವಾ? ಅಪ್ಪನಿಗೆ ಅದು ತಟ್ಟನೆ ಹೊಳೆಯುತ್ತದೆ.

ನವನಗರದ ಹುಡುಗಿ:
ಎಲ್ಲರಿಗೂ ತುಂಬಾ ಧನ್ಯವಾದ. ಎರಡು ರಾತ್ರಿ ಪಕ್ಕಾ. ಅಪ್ಪ ದಾಳಿಂಬೆ ನಾಣ್ಯದ ಫೋಟೊ ಹುಡುಕುತ್ತಾ ಕೂತಿದ್ದಾರೆ. ಅಮ್ಮ ಕೇಳುತ್ತಿದ್ದಾರೆ, ನೀರು ತಣ್ಣಗಿರುತ್ತದಾ?

ಗುಮ್ಮಟದ ನೆರಳು:
ಏಪ್ರಿಲ್‌ನಲ್ಲಿ ಆಗಿದ್ದರೆ ಕೊರೆಯುತ್ತಿತ್ತು. ಅಕ್ಟೋಬರ್‌ನಲ್ಲಿ ನೀರಲ್ಲಿ ಬೇಸಿಗೆಯ ಬಿಸಿ ಇನ್ನೂ ಇರುತ್ತದೆ. ಮರಳಿನ ದಂಡೆ, ಬಹಳ ದೂರದವರೆಗೆ ಆಳ ಇಲ್ಲ. ಬದಲಿ ಸೀರೆ ಕೈಚೀಲದಲ್ಲೇ ಇರಲಿ.