ಗೇಮಿಂಗ್ ರೂಮಿಗೆ ಕುರ್ಚಿ, ಟೇಬಲ್: ದುಡ್ಡು ಮೊದಲು ಯಾವುದಕ್ಕೆ?

ಹೊಸರೂಮು: ಮನೆಯಲ್ಲಿ ಒಂದು ಚಿಕ್ಕ ರೂಮು ಗೇಮಿಂಗ್‌ಗೆ ಅಂತಲೇ ಸಿಕ್ಕಿದೆ. ನಾನು ಪಿಸಿಯಲ್ಲಿ ಆಡುತ್ತೇನೆ, ತಮ್ಮ ಟಿವಿ ಮುಂದೆ ಕನ್ಸೋಲ್‌ನಲ್ಲಿ. ಬಜೆಟ್ ಕಮ್ಮಿ. ರೇಸ್ ಕಾರಿನ ಸೀಟ್ ಥರ ಇರುವ ಗೇಮಿಂಗ್ ಚೇರ್ ತಗೊಂಡು, ಉಳಿದ ದುಡ್ಡಿನಲ್ಲಿ ಯಾವುದಾದರೂ ಟೇಬಲ್ ಹಾಕೋಣ ಅಂತಿದ್ದೇನೆ. ಸರೀನಾ?

ರಾತ್ರಿಪಾಳಿ: ದಯವಿಟ್ಟು ಅವಸರ ಮಾಡಬೇಡಿ. ನಾನೂ ಅಂಥದ್ದೇ ಅಗ್ಗದ ಚೇರ್ ತಗೊಂಡಿದ್ದೆ, ಎರಡನೇ ವರ್ಷಕ್ಕೇ ರೆಕ್ಸಿನ್ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು, ಬಟ್ಟೆಗೆಲ್ಲ ಅಂಟುತ್ತಿತ್ತು. ಅದು ಚರ್ಮ ಅಲ್ಲ, ಬಟ್ಟೆ ಮೇಲೆ ಬಳಿದ ಪ್ಲಾಸ್ಟಿಕ್ ಪದರ. ಬೆವರು, ಸೆಕೆ, ತೇವ ತಾಗಿದರೆ ಬಿರುಕು ಬಿಡುತ್ತದೆ. ಇನ್ನು ಎರಡೂ ಬದಿಗೆ ಉಬ್ಬಿರುತ್ತದಲ್ಲಾ, ಅದು ಕಾರು ಜೋರಾಗಿ ತಿರುಗುವಾಗ ಡ್ರೈವರ್ ಪಕ್ಕಕ್ಕೆ ಜಾರದಿರಲಿ ಅಂತ ಮಾಡಿದ್ದು. ರೂಮಿನಲ್ಲಿ ಕೂತವರಿಗೆ ಅದರಿಂದ ತೊಡೆ ಒತ್ತುತ್ತದೆ ಅಷ್ಟೆ. ಅದೇ ದುಡ್ಡಿಗೆ ಒಳ್ಳೆ ಕಂಪನಿಯ ಸೆಕೆಂಡ್ ಹ್ಯಾಂಡ್ ಆಫೀಸ್ ಚೇರ್ ಹುಡುಕಿ. ಹರ್ಮನ್ ಮಿಲ್ಲರ್ ಅನ್ನೋ ಅಮೆರಿಕದ ಕಂಪನಿಯ ಏರಾನ್ 1994ರಲ್ಲಿ ಬಂದ ಕುರ್ಚಿ, ಅದರ ಹಳೆಯವನ್ನು ಇವತ್ತಿಗೂ ಜನ ರಿಪೇರಿ ಮಾಡಿಕೊಂಡು ಬಳಸುತ್ತಿದ್ದಾರೆ.

ಉದ್ದಕಾಲು: ಪೂರ್ತಿ ಒಪ್ಪಲ್ಲ ಗುರು. ನಾನು ಆರಡಿ ಮೇಲಿದ್ದೇನೆ. ಎಷ್ಟೋ ಆಫೀಸ್ ಚೇರ್‌ಗಳ ಬೆನ್ನು ನನ್ನ ಭುಜದ ಕೆಳಗೇ ಮುಗಿದುಹೋಗುತ್ತದೆ, ತಲೆಗೆ ಆಸರೆ ಇರಲ್ಲ. ರೇಸಿಂಗ್ ಮಾದರಿಯಲ್ಲೇ ಬಟ್ಟೆ ಹೊದಿಸಿದ್ದು, ಸೀಟು ಚಪ್ಪಟೆ ಇರುವುದು ತಗೊಂಡೆ. ಐದು ವರ್ಷ ಆಯಿತು, ಚೆನ್ನಾಗಿದೆ. ಹೊದಿಕೆ ನೋಡಿ, ಸೀಟಿನ ಆಕಾರ ನೋಡಿ. ಹೆಸರಿನಲ್ಲಿ ಗೇಮಿಂಗ್ ಇದೆ ಅಂತ ಸುಮ್ನೆ ಬಿಟ್ಟುಬಿಡಬೇಡಿ.

ರಾತ್ರಿಪಾಳಿ: ಬಟ್ಟೆಯದ್ದಾದರೆ ನನ್ನ ತಕರಾರು ಅರ್ಧ ಕಮ್ಮಿ. ಆದರೆ ಕೂತು ನೋಡದೆ ಯಾವುದನ್ನೂ ತಗೋಬಾರದು. ಬೆನ್ನು ಪೂರ್ತಿ ಒರಗಿಸಿ ಕೂತಾಗ ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ಎರಡು ಮೂರು ಬೆರಳು ಜಾಗ ಉಳಿಯಬೇಕು. ಹಳೇ ಕುರ್ಚಿಯಾದರೆ ಎತ್ತರಿಸಿ ಹತ್ತು ನಿಮಿಷ ಕೂತಿರಿ, ತಾನಾಗೇ ಕೆಳಗಿಳಿದರೆ ಸೀಟನ್ನು ಎತ್ತಿ ಹಿಡಿಯುವ ಗ್ಯಾಸ್ ಸಿಲಿಂಡರ್ ಹೋಗಿದೆ ಅಂತ ಅರ್ಥ. ಸಿಲಿಂಡರ್, ಚಕ್ರ ಬದಲಿಸಬಹುದು. ಕೆಳಗಿನ ಐದು ಕಾಲಿನ ಬೇಸ್ ಬಿರುಕು ಬಿಟ್ಟಿದ್ದರೆ ಮಾತ್ರ ಮುಟ್ಟಬೇಡಿ.

ಮರದಪುಡಿ: ಎಲ್ಲರೂ ಕುರ್ಚಿ ಹಿಂದೆ ಬಿದ್ದಿದ್ದೀರಿ, "ಯಾವುದಾದರೂ ಟೇಬಲ್" ಅಂದಿದ್ದನ್ನು ಯಾರೂ ಕೇಳಲಿಲ್ಲ! ನಾನು ಟೇಬಲ್ ಮಾಡುವವನು, ಅದಕ್ಕೇ ಹೇಳುತ್ತಿದ್ದೇನೆ. ರೆಡಿಮೇಡ್ ಟೇಬಲ್‌ಗಳು ಸಾಮಾನ್ಯವಾಗಿ 73ರಿಂದ 76 ಸೆಂ.ಮೀ. ಎತ್ತರ ಇರುತ್ತವೆ. ಕುಳ್ಳಗಿರುವವರಿಗೆ ಅದು ಜಾಸ್ತಿಯಾಗಿ, ಮೌಸ್ ಹಿಡಿದಾಗ ಭುಜ ಮೇಲಕ್ಕೆದ್ದು ಕತ್ತು ನೋಯುತ್ತದೆ. ಕುರ್ಚಿ ಎತ್ತರಿಸಿದರೆ ಕಾಲು ನೇತಾಡುತ್ತದೆ, ಆಗ ಕಾಲ ಕೆಳಗೆ ಒಂದು ಮಣೆ ಬೇಕು. ಅಗಲಕ್ಕಿಂತ ಆಳ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಎಷ್ಟಿದೆ ನೋಡಿ, 70 ಸೆಂ.ಮೀ. ಆದರೂ ಇರಲಿ, ಇಲ್ಲದಿದ್ದರೆ ಮಾನಿಟರ್ ಮುಖಕ್ಕೇ ಬಂದು ಕೂರುತ್ತದೆ. ಮರದ ಚೂರು ಅಂಟು ಹಾಕಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗ ನಿಜ, ಆದರೆ ಅಂಚಿನಲ್ಲಿ ನೀರು ಇಳಿದರೆ ಊದಿಕೊಳ್ಳುತ್ತದೆ, ಮತ್ತೆ ಮೊದಲಿನಂತೆ ಆಗಲ್ಲ. ನನ್ನನ್ನು ಕೇಳಿದರೆ 18 ಮಿ.ಮೀ. ಪ್ಲೈವುಡ್ ಹಲಗೆ, ಕಬ್ಬಿಣದ ಫ್ರೇಮು, ನಡುವೆ ಒಂದು ಅಡ್ಡಪಟ್ಟಿ. ಟೇಬಲ್ ಅಂಚಿಗೆ ಕಚ್ಚಿಸಿ ಮಾನಿಟರ್ ಎತ್ತಿ ಹಿಡಿಯುವ ಮಾನಿಟರ್ ಆರ್ಮ್ ಹಾಕುವುದಾದರೆ ಅದರ ಕ್ಲ್ಯಾಂಪ್ ಕೆಳಗೆ ಲೋಹದ ತಗಡು ಇಡಿ, ಭಾರವೆಲ್ಲ ಅಲ್ಲೇ ಬೀಳುತ್ತದೆ.

ಹೊಸರೂಮು: ಆಳದ ಬಗ್ಗೆ ಯೋಚಿಸಿಯೇ ಇರಲಿಲ್ಲ, ನಾನು ನೋಡಿಟ್ಟ ಟೇಬಲ್ 50 ಸೆಂ.ಮೀ. ಮಾತ್ರ! ತಮ್ಮನಿಗೆ ಬೀನ್ ಬ್ಯಾಗ್ ಸಾಕಾ?

ಉದ್ದಕಾಲು: ಒಂದು ಗಂಟೆಗೆ ಸಾಕು. ಅದರಲ್ಲಿ ಬೆನ್ನು ಬಾಗಿಬಿಡುತ್ತದೆ, ಒಳಗಿನ ಥರ್ಮಾಕೋಲ್ ಗುಂಡುಗಳೂ ಬರಬರುತ್ತಾ ಕುಗ್ಗುತ್ತವೆ. ಮನೆಯಲ್ಲಿ ಹಳೇ ಸೋಫಾ ಇದ್ದರೆ ಅದನ್ನೇ ಹಾಕಿ, ಸೊಂಟಕ್ಕೆ ದಿಂಬು ಕೊಡಿ. ಕಂಟ್ರೋಲರ್ ಹಿಡಿದು ಆಡುವವನಿಗೆ ಟೇಬಲ್ ಬೇಕಿಲ್ಲ, ಆ ದುಡ್ಡು ನಿಮ್ಮ ಕುರ್ಚಿಗಾಗುತ್ತದೆ.

ಹೊಸರೂಮು: ಸೋಫಾ ಇದೆ, ಸ್ಪಂಜು ಮಾತ್ರ ಕುಸಿದಿದೆ, ಅದನ್ನು ಬದಲಿಸುತ್ತೇನೆ. ಮರದಪುಡಿ ಅವರೇ, ನಾನು ಕೂತಾಗ ನೆಲದಿಂದ ಮೊಣಕೈಗೆ 66 ಸೆಂ.ಮೀ. ಬಂತು. ಹಲಗೆಯ ಮೇಲ್ಮೈ ಅಷ್ಟೇ ಎತ್ತರಕ್ಕೆ ಬರಬೇಕಾ?

ಮರದಪುಡಿ: ಹೌದು, ಅಷ್ಟಕ್ಕೇ ಮಾಡಿಸಿ. ಆದರೆ ಅಳೆಯುವಾಗ ಪಾದ ನೆಲಕ್ಕೆ ಪೂರ್ತಿ ಊರಿತ್ತಾ ನೋಡಿಕೊಳ್ಳಿ, ಮೊದಲು ಕುರ್ಚಿ ಬರಲಿ, ಅದರಲ್ಲಿ ಕೂತು ಇನ್ನೊಮ್ಮೆ ಅಳೆದ ಮೇಲೆ ಹಲಗೆ ಕೊಯ್ಯಿಸಿ.